ಕಣ್ಣು ಬಂದಿದೆ

ಬೈತಲೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಮಗಳು ತಲೆ ಕೊಸರಿಕೊಂಡು ಎದ್ದುಬಿಟ್ಟಳು. ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡಿಲ್ಲವಂತೆ. ಕಣ್ಣು ಬಂದವರು ಕನ್ನಡಕವಿಲ್ಲದೆ ಯಾರ ಮುಂದೆಯೂ ಸುಳಿಯಬಾರದು ಎಂದು ಟೀಚರ್ ಹೇಳಿದ್ದಾರಂತೆ. ಅಜ್ಜಿಯ ಪೊರೆ ತೆಗೆಸಿದ ಕಾಲದ ದಪ್ಪ ಕನ್ನಡಕವನ್ನು ಕಿಟಕಿಯಿಂದ ತಂದು ತಾನೇ ಅಮ್ಮನ ಮೂಗಿನ ಮೇಲೆ ಕೂರಿಸಿದಳು.

ನಿನ್ನೆ ಸಂಜೆಯಿಂದ ಮನೆಯಲ್ಲಿ ಮಗಳದ್ದೇ ದರ್ಬಾರು. ಅಮ್ಮನ ಟವೆಲ್ ಬೇರೆ, ಸೋಪು ಬೇರೆ. ಅಮ್ಮನ ಪಕ್ಕ ಕೂತ ತಪ್ಪಿಗೆ ಅಪ್ಪ ಮೂರು ಸಲ ಕೈ ತೊಳೆದಿದ್ದ.

ಕಪ್ಪು ಗಾಜಿನ ಹಿಂದೆ ಅವಳಿಗೆ ನಗು ತಡೆಯಲಿಲ್ಲ. ಮತ್ತೆ ಬಾಚಣಿಗೆ ಹಿಡಿದಳು. ಬಲಗಣ್ಣಿಗೆ ನೆಟ್ಟಗಿನ ಗೆರೆಗಳೆಲ್ಲ ನಡುವಿನಲ್ಲಿ ಬಳುಕುತ್ತಿದ್ದವು. ಬಾಗಿಲ ಚೌಕಟ್ಟು, ಕಿಟಕಿಯ ಸರಳು, ಈಗ ಈ ಬೈತಲೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕತ್ತು ಚಾಚಿ ನೋಡಿದರು.

"ಬೈತಲೆ ತೆಗೀತಿದ್ದೀಯೋ, ಹಾವಿಗೆ ದಾರಿ ಬಿಡ್ತಿದ್ದೀಯೋ?"

ಅವಳು ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು. ಹೋದ ವಾರ ಅಕ್ಷರಗಳು ಅಲೆಯ ಮೇಲೆ ತೇಲುವ ಹಾಗೆ ಬಂದಿದ್ದವು. ಮಾಲೀಕ ಗೊಣಗುವ ಮೊದಲೇ ಗಿರಾಕಿಯೊಬ್ಬಳು ಡಿಸೈನ್ ಚೆನ್ನಾಗಿದೆ, ತಮ್ಮನ ಕೇಕಿಗೂ ಹೀಗೇ ಇರಲಿ ಎಂದು ಹೇಳಿಹೋದಳು. ಕಣ್ಣಿಗೆ ನಂಬರು ಬಂದಿರಬೇಕು ಎಂದುಕೊಂಡು ಅವಳು ಕಣ್ಣಿನ ಡಾಕ್ಟರನ್ನು ನೋಡಿದಳು. ಅವರು ಬಹಳ ಹೊತ್ತು ಪರೀಕ್ಷಿಸಿ, ಹೋದ ವರ್ಷ ಅವಳ ಎದೆಯ ಗಡ್ಡೆ ತೆಗೆದ ಡಾಕ್ಟರ ಬಳಿಗೇ ಕಳಿಸಿದರು. ಅದೇ ಕ್ಯಾನ್ಸರ್ ಕಣ್ಣಿನ ಹಿಂಬದಿಗೆ ಬಂದು ಕೂತಿದೆ ಎಂದರು ಆ ಡಾಕ್ಟರು. ವಿಕಿರಣದ ಕರೆಂಟ್ ಕೊಟ್ಟರೆ ನೋಟ ಉಳಿಯಬಹುದು, ಗೆರೆಗಳೂ ನೆಟ್ಟಗಾಗಬಹುದು, ಹೊಸ ಮಾತ್ರೆಯೂ ಇದೆ ಎಂದು ಧೈರ್ಯ ಹೇಳಿದರು. ಸೋಮವಾರದಿಂದ ಶುರು.

ಡಾಕ್ಟರ ಮಾತನ್ನು ಅವಳು ಹೇಗೋ ನುಂಗಿಕೊಂಡಳು. ಮಗಳಿಗೆ ಏನು ಹೇಳುವುದೆಂದು ಅತ್ತೆಯನ್ನು ಕೇಳಿದಳು. ಹೋದ ವರ್ಷ ಅಮ್ಮನ ಕೂದಲು ಉದುರಿದಾಗ ಮಗು ನಗುವುದನ್ನೇ ಮರೆತಿತ್ತು. ಈಗಷ್ಟೇ ಬಾಯಿ ತುಂಬ ನಗಲು ಶುರುಮಾಡಿದೆ. ಕಣ್ಣು ಬಂದಿದೆ ಅಂದುಬಿಡು ಸಾಕು ಎಂದು ಅತ್ತೆ ಹೇಳಿಕೊಟ್ಟರು. ಸುಳ್ಳೇನೋ ಚೆನ್ನಾಗಿಯೇ ಇತ್ತು. ಕಣ್ಣು ಕೆಂಪಗಾಗಬೇಕಲ್ಲ ಎಂಬುದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ.

ಜಡೆ ಮುಗಿದದ್ದೇ ತಡ, ಡಾಕ್ಟರಮ್ಮನ ತಪಾಸಣೆ ಶುರುವಾಯಿತು. ಮಗಳು ಎದುರಿಗೆ ಕೂತು ಕನ್ನಡಕ ಕಳಚಿ, ಅಮ್ಮನ ಕೆಳರೆಪ್ಪೆ ಎಳೆದು ನೋಡಿದಳು.

"ಕೆಂಪೇ ಇಲ್ಲ. ಗೀಜೂ ಇಲ್ಲ."

"ನಮ್ಮ ಕಾಲದಲ್ಲಿ ಬಿಳೀ ಕಣ್ಣೂ ಬರ್ತಿತ್ತು," ಎಂದರು ಅತ್ತೆ.

"ಅಜ್ಜಿ, ನೀನು ಸೊಪ್ಪು ನೋಡ್ಕೋ."

ಮೂವರಿಗೂ ನಗು ಬಂತು. ಮೊದಲು ನಿಂತದ್ದು ಅತ್ತೆಯ ನಗು. ಸೊಪ್ಪು ಇನ್ನೂ ಅರ್ಧ ಉಳಿದಿದ್ದರೂ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಮಗಳು ರೆಪ್ಪೆ ಬಿಡಲಿಲ್ಲ. ಅಂಟುತ್ತದೆಂಬ ಭಯ ಎಲ್ಲಿ ಹೋಯಿತೋ, ಅಮ್ಮನ ಉಸಿರು ತಾಕುವಷ್ಟು ಹತ್ತಿರ ಬಂದಳು. ಪಾಠ ಒಪ್ಪಿಸುವ ಮೊದಲು ಮಾಡುವ ಹಾಗೆ ತುಟಿಯೊಳಗೇ ಏನನ್ನೋ ಎರಡು ಸಲ ಹೇಳಿಕೊಂಡು ನೋಡಿದಳು.

"ಅಮ್ಮಾ, ಆವಾಗ ಎದೆಗೆ ಬಂದಿತ್ತಲ್ಲ. ಈಗ ನಿಂಗೆ ಕಣ್ಣು ಬಂದಿದ್ಯಾ, ಕಣ್ಣಿಗೆ ಬಂದಿದ್ಯಾ?"