ಉರಾಳ ಮಾಷ್ಟ್ರು ಬಿ.ಟಿ. ಓದಿದ್ದು

"ಈ ಮಗುವಿಗೆ ವಿದ್ಯೆ ಹತ್ತುವುದಿಲ್ಲ" ಎಂದು ಮಾಸ್ತರರು ಹೇಳಿಬಿಟ್ಟರೆ ನಮ್ಮ ಕಡೆ ಅದೇ ಕೊನೆಯ ಮಾತು. ಮಾರನೆಯ ದಿನದಿಂದ ಗಂಡಾದರೆ ದೋಣಿಗೆ, ಹೆಣ್ಣಾದರೆ ಒಲೆಯ ಮುಂದಕ್ಕೆ. ಆ ಮಾತು ಸರಿಯೋ ತಪ್ಪೋ ಎಂದು ಕೇಳುವವರಿಲ್ಲ. ಮರವಂತೆಯ ಬಚ್ಚನೂ ಕೇಳಲಿಲ್ಲ.

ಬಚ್ಚ ಹೊಳೆಯಲ್ಲಿ ಬಲೆ ಬೀಸುವವನು. ಅವನ ಮಗಳು ಜಲಜ, ಅವರ ಕೇರಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲನೆಯ ಹೆಣ್ಣುಮಗು. ದಿನಾ ಮೂರು ಮೈಲಿ ನಡೆದು ಬರುತ್ತಿದ್ದಳು. 1945ನೇ ಇಸವಿ, ಮಳೆಗಾಲ ಆಗಷ್ಟೇ ಮುಗಿದಿತ್ತು. ಒಂದು ದಿನ ಬಚ್ಚ ಒಗೆದ ಅಂಗಿ ತೊಟ್ಟು ಶಾಲೆಗೇ ಬಂದ. ಗಣಿತದ ಮಾಸ್ತರರಾದ ವೈಕುಂಠ ಉರಾಳರ ಮುಂದೆ ಕೈಕಟ್ಟಿ ನಿಂತ.

"ಮಾಷ್ಟ್ರೆ, ಹೆಣ್ಣಿನ ಹೆಸ್ರ್ ಹೊಡ್ದ್ ಹಾಕಿ. ಲೆಕ್ಕ ತಲಿಗ್ ಹತ್ತುದಿಲ್ಲ ಅಂದೇಳಿ ನೀವೇ ಹೇಳಿದ್ರಿ ಅಂಬ್ರ್. ಮತ್ತೆ ಎಂತಕ್ಕೆ ಅಷ್ಟ್ ದೂರ ನಡ್ಸುದ್?"

ಉರಾಳರು ಹಾಗೆ ಹೇಳಿದ್ದು ನಿಜ. ಅವರು ಬಿ.ಎ. ಮಾಡಿದವರು, ಗಣಿತ ಅವರಿಗೆ ನೀರು ಕುಡಿದಷ್ಟು ಸಲೀಸು. ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದರು, ಆದರೆ ಶಿಕ್ಷಕರ ತರಬೇತಿಗೆ ಹೋಗಿರಲಿಲ್ಲ. ಅದರ ಪದವಿಯಾದ ಬಿ.ಟಿ. ಮಾಡಿ ಎಂದು ಯಾರಾದರೂ ಹೇಳಿದರೆ, ಸೀಮೆಸುಣ್ಣ ಹಿಡಿಯುವುದಕ್ಕೂ ಒಂದು ಡಿಗ್ರಿಯೇ ಎಂದು ನಕ್ಕುಬಿಡುತ್ತಿದ್ದರು.

ಶಿಕ್ಷಕರ ಅದೇ ಕೋಣೆಯಲ್ಲಿ ಸಾಲಿಗ್ರಾಮದ ಪಂಕಜಾಕ್ಷಿ ಕುಳಿತಿದ್ದಳು. ಅವಳು ಉರಾಳರ ಶಿಷ್ಯೆ. ಮದರಾಸು ವಿಶ್ವವಿದ್ಯಾನಿಲಯದ ಬಿ.ಟಿ. ಪದವಿ ಪಡೆದು ಆ ವರ್ಷವೇ ಅದೇ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದಳು. ಬಚ್ಚನ ಮಾತು ಕೇಳಿ ಅವಳು ಎದ್ದುನಿಂತಳು.

"ಹೆಸ್ರ್ ಹೊಡುದ್ ನಾಳೆಗೆ ಇರ್ಲಿ. ಮಾಷ್ಟ್ರೆ, ಒಂದ್ ಪಿರಿಯಡ್ ನಂಗ್ ಕೊಡಿ. ನೀವ್ ಹಿಂದ್ಗಡೆ ಕೂಕಣಿ."

ಶಿಷ್ಯೆಯ ಪಾಠಕ್ಕೆ ಗುರು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವುದೇ? ಉರಾಳರಿಗೆ ಮುಖ ಬಿಸಿಯಾಯಿತು. ಆದರೂ ಶಿಷ್ಯೆಯ ಧೈರ್ಯ ನೋಡಿ ಇಲ್ಲ ಎನ್ನಲಾಗಲಿಲ್ಲ.

ತರಗತಿಯಲ್ಲಿ ಪಂಕಜಾಕ್ಷಿ ಪುಸ್ತಕ ತೆರೆಯಲಿಲ್ಲ. ಜಲಜಳ ಹತ್ತಿರ ಹೋಗಿ, ಅಪ್ಪನೂ ಸೇರಿ ಬಲೆಗೆ ಎಷ್ಟು ಜನ ಹೋಗುತ್ತಾರೆ ಎಂದು ಕೇಳಿದಳು. ನಾಲ್ಕು ಜನ ಎಂದಳು ಹುಡುಗಿ. ಬಂದ ಮೀನಿನಲ್ಲಿ ಮೂರನೆಯ ಒಂದು ಪಾಲು ದೋಣಿಗೆ ಕೊಟ್ಟು ಉಳಿದದ್ದನ್ನು ನಾಲ್ವರೂ ಸಮನಾಗಿ ಹಂಚಿಕೊಂಡರೆ ಒಬ್ಬನಿಗೆ ಎಷ್ಟು?

"ಆರ್ರಲ್ ಒಂದ್ ಪಾಲ್" ಎಂದಳು ಜಲಜ. ಬಳಪ ಮುಟ್ಟಿರಲಿಲ್ಲ. ಉಳಿದ ಮಕ್ಕಳು ಇನ್ನೂ ಬೆರಳು ಮಡಚುತ್ತಿದ್ದರು.

ಉರಾಳರು ಬೆಚ್ಚಿದರು. ವಾರವಿಡೀ ತಾವು ಕಲಿಸಿದ ಭಿನ್ನರಾಶಿಯೇ ಅದು. ಹಾಗಾದರೆ ಹಲಗೆಯ ಮೇಲೆ ಬರೆದಾಗ ಯಾಕೆ ಮಾಡಲಿಲ್ಲ ಎಂದು ಪಂಕಜಾಕ್ಷಿ ಮೆಲ್ಲಗೆ ಕೇಳಿದಳು. ಹುಡುಗಿ ತಲೆ ತಗ್ಗಿಸಿ ಹೇಳಿದಳು:

"ಭಿನ್ನ ಆದ್ ದೇವ್ರನ್ನ ಪೂಜಿ ಮಾಡುಕಾಗ ಅಂಬ್ರ್. ಇದೂ ಹಾಂಗಿದ್ದೇ ಎಂತದೋ ಅಂದೇಳಿ ಹೆದ್ರಿಕಿ ಆಯ್ತ್. ಮಾಷ್ಟ್ರತ್ರ ಕೇಂಬುಕೂ ಹೆದ್ರಿಕಿ."

ಭಿನ್ನ ಎಂದರೆ ಇಲ್ಲಿ ಒಡೆದದ್ದಲ್ಲ, ಪಾಲು ಅಷ್ಟೇ ಎಂದು ಪಂಕಜಾಕ್ಷಿ ತಿಳಿಸಿಹೇಳಿದಳು. ಹನ್ನೊಂದು ವರ್ಷದಲ್ಲಿ ಹೀಗೆ ಎಷ್ಟು ಮಕ್ಕಳನ್ನು ಮನೆಗೆ ಕಳಿಸಿದೆನೋ ಎಂದು ಹಿಂದಿನ ಬೆಂಚಿನಲ್ಲಿ ಉರಾಳರು ಲೆಕ್ಕ ಹಾಕತೊಡಗಿದರು. ಗಂಟೆ ಹೊಡೆದ ಮೇಲೆ ಅವರೇ ಜಗಲಿಗೆ ಹೋಗಿ, ಹೆಸರು ಹೊಡೆಯುವುದಿಲ್ಲ, ತಪ್ಪು ನನ್ನದು ಎಂದು ಅಲ್ಲಿ ಕಾಯುತ್ತಿದ್ದ ಬಚ್ಚನಿಗೆ ಹೇಳಿದರು. ಮಾಸ್ತರರ ಬಾಯಲ್ಲಿ ಅಂಥ ಮಾತನ್ನು ಬಚ್ಚ ಎಂದೂ ಕೇಳಿರಲಿಲ್ಲ.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಉರಾಳರು ಶಿಷ್ಯೆಯನ್ನು ಕೇಳಿದರು.

"ಗಣಿತ ನೀವೇ ಕಲ್ಸಿದ್ ಮಾಷ್ಟ್ರೆ. ಕಲ್ಸುದ್ ಹ್ಯಾಂಗೆ ಅಂದೇಳಿ ಅಲ್ ಕಲ್ತೆ" ಎಂದಳು ಅವಳು.

ಮದರಾಸಿನಲ್ಲಿ ಮಕ್ಕಳ ಮನಸ್ಸಿನ ವಿಚಾರವೇ ಒಂದು ಪಾಠ, ಮಕ್ಕಳ ಮುಂದೆ ನಿಂತು ಪಾಠ ಮಾಡುವಾಗ ಹಿಂದೆ ಗುರುಗಳು ಕುಳಿತು ತಪ್ಪು ಬರೆದುಕೊಳ್ಳುತ್ತಾರೆ ಎಂದು ವಿವರಿಸಿದಳು. ಅರ್ಜಿ ತರಿಸುವ ವಿಳಾಸವನ್ನೂ ಬರೆದುಕೊಟ್ಟಳು.

ಆ ಕಾಗದ ಉರಾಳರ ಜೇಬಿನಲ್ಲೇ ತಿಂಗಳುಗಟ್ಟಲೆ ಉಳಿಯಿತು. ಮೂವತ್ತಾರು ವರ್ಷ, ಎರಡು ಮಕ್ಕಳ ತಂದೆ. ಎಳೆಯರ ನಡುವೆ ಕುಳಿತರೆ ಜನ ಏನೆಂದಾರು? ಕೊನೆಗೆ ಹೆಂಡತಿ ಗೋಮತಿಗೆ ಹೇಳಿಕೊಂಡರು. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು:

"ಹನ್ನೊಂದ್ ವರ್ಷ ಊರಿನ ಮಕ್ಕಳನ್ನೆಲ್ಲ ಬೆಂಚಿನ್ ಮೇಲೆ ಕೂರ್ಸಿದ್ರಿ. ನೀವ್ ಒಂದ್ ವರ್ಷ ಕೂಕಂಡ್ರೆ ಎಂತ ಆತ್? ಗದ್ದೆ ನನ್ ತಮ್ಮ ನೋಡ್ಕಂತ. ಹೋಯ್ ಬನ್ನಿ."

ಶಾಲೆಯವರು ಒಂದು ವರ್ಷ ರಜೆ ಕೊಟ್ಟರು. 1946ರ ಜೂನಿನಲ್ಲಿ ಉರಾಳರು ದೋಣಿಯಲ್ಲಿ ಹೊಳೆಗಳನ್ನು ದಾಟಿ, ಬಸ್ಸು ಬದಲಿಸಿ ಮಂಗಳೂರು ಸೇರಿ, ಅಲ್ಲಿಂದ ಮದರಾಸಿನ ರೈಲು ಹತ್ತಿದರು. ಅವರ ಮೊದಲ ಅಭ್ಯಾಸ ಪಾಠ ಮುಗಿದಾಗ ಗುರುಗಳು ಒಂದೇ ಪ್ರಶ್ನೆ ಕೇಳಿದರಂತೆ: ನಲವತ್ತು ನಿಮಿಷ ನೀವು ಮಾತಾಡಿದಿರಿ, ಮಕ್ಕಳು ಎಷ್ಟು ಮಾತಾಡಿದರು? ಆ ದಿನ ಉರಾಳರಿಗೆ ಊಟ ಸೇರಲಿಲ್ಲ. ಮುಂದಿನ ಪಾಠದಿಂದ ಮೊದಲು ಮಕ್ಕಳನ್ನು ಕೇಳಲು ಕಲಿತರು, ಅವರ ಉತ್ತರ ಮುಗಿಯುವವರೆಗೆ ಕಾಯಲು ಕಲಿತರು. ಎಳೆಯ ಸಹಪಾಠಿಗಳು ಅವರನ್ನು ಅಣ್ಣ ಎಂದು ಕರೆದು ರಾತ್ರಿ ಗಣಿತ ಹೇಳಿಸಿಕೊಳ್ಳುತ್ತಿದ್ದರು.

ಮರುವರ್ಷ ಅವರು ಪಾಸಾಗಿ ಬಂದರು. ಶಾಲೆಯ ಶಿಕ್ಷಕರ ಪಟ್ಟಿಯಲ್ಲಿ ವೈಕುಂಠ ಉರಾಳ, ಬಿ.ಎ., ಬಿ.ಟಿ. ಎಂದು ಬರೆದದ್ದನ್ನು ಗೋಮತಿ ಮಕ್ಕಳನ್ನು ಕರೆದುಕೊಂಡು ಬಂದು ನೋಡಿದಳು. ಆ ವರ್ಷ ಉರಾಳರ ತರಗತಿಯಿಂದ ಒಂದು ಮಗುವೂ ಶಾಲೆ ಬಿಡಲಿಲ್ಲ. ತಪಾಸಣೆಗೆ ಬಂದ ಇನ್ಸ್‌ಪೆಕ್ಟರರು ಅವರ ಪಾಠವನ್ನು ಮೆಚ್ಚಿ, ಯಾರು ನಿಮಗೆ ದಾರಿ ತೋರಿಸಿದ್ದು ಎಂದು ಕೇಳಿದರು. ಉರಾಳರು ಪಕ್ಕದ ಕೋಣೆಯಿಂದ ಪಂಕಜಾಕ್ಷಿಯನ್ನು ಕರೆತಂದರು.

"ಇವರು ನನ್ನ ಶಿಷ್ಯೆ" ಎಂದರು ಎದೆಯುಬ್ಬಿಸಿ. "ನನ್ನನ್ನು ಮತ್ತೆ ಓದಲು ಕಳಿಸಿದವರು ಇವರೇ."

ಓದುವ ಬಂಧುಗಳೇ, ನಿಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮಗಳಿದ್ದಾಳೆಯೇ? ಮಗನೋ ಸೊಸೆಯೋ ಇದ್ದಾರೆಯೇ? ತರಬೇತಿಯಿಲ್ಲದೆ ವರ್ಷಗಟ್ಟಲೆ ಪಾಠ ಹೇಳುತ್ತಿರುವ ಮಾಸ್ತರರಿದ್ದಾರೆಯೇ? ಶಿಕ್ಷಕ ಪದವಿಗೆ ಅರ್ಜಿ ಹಾಕಿಸಿ. ವಯಸ್ಸಾಯಿತೆಂದು ನಾಚಬೇಡಿ, ದೂರವೆಂದು ಹಿಂಜರಿಯಬೇಡಿ. ವಿಶ್ವವಿದ್ಯಾನಿಲಯ ಸಾರ್ವಜನಿಕರದು; ಕಡಲಂಚಿನ ಉಪ್ಪುಂದದವರಿಗೂ ಘಟ್ಟದ ಬುಡದ ಸಿದ್ದಾಪುರದವರಿಗೂ ಅದರ ಬಾಗಿಲು ಒಂದೇ. ಗೊತ್ತಿಲ್ಲದಿದ್ದರೆ ಹತ್ತಿರದ ಹೈಸ್ಕೂಲಿನಲ್ಲಿ ಕೇಳಿ. ಕಲಿಸುವುದನ್ನು ಕಲಿತ ಒಬ್ಬರು ಊರಿಗೆ ಬಂದರೆ, ಊರಿನ ಮಕ್ಕಳೆಲ್ಲರ ಪುಣ್ಯ.