ಹಂಡೆಯೊಳಗಿನ ಸೀರೆ

ಭಾನುವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಶ್ವೇತ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಎಂಟೂ ಮೂವತ್ತೈದಕ್ಕೆ ಅವಳ ತಂದೆ ಚಿಕ್ಕಸ್ವಾಮಿ ಹಾರೆಯಿಂದ ಬಾಗಿಲು ಮೀಟಿದರು. ನಲ್ಲಿಯಲ್ಲಿ ಬಿಸಿನೀರು ಬೀಳುತ್ತಲೇ ಇತ್ತು. ಗೋಡೆಯ ಮೇಲಿನ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು. ಶ್ವೇತ ಗೋಡೆಗೆ ಒರಗಿ ಕುಳಿತಂತೆ ಬಿದ್ದಿದ್ದಳು. ಆಟೋದಲ್ಲಿ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ನಾಡಿ ನೋಡಿದ ಡಾಕ್ಟರು, ಜೀವ ಹೋಗಿ ಸ್ವಲ್ಪ ಹೊತ್ತಾಗಿದೆ ಎಂದರು. ಅವಳಿಗೆ ಇಪ್ಪತ್ನಾಲ್ಕು ವರ್ಷ. ಅವಳ ಹೆಣ್ಣು ಕೂಸಿಗೆ ನಲವತ್ತೆರಡು ದಿನ.

ಅದು 1998ರ ನವೆಂಬರ್. ಗೀಸರ್ ಹಾಕಿಸಿದ್ದು ಆಗಸ್ಟ್‌ನಲ್ಲಿ, ಶ್ವೇತ ಕೆ.ಆರ್. ಪೇಟೆಯಿಂದ ಹೆರಿಗೆಗೆಂದು ಶ್ರೀರಂಗಪಟ್ಟಣದ ತವರಿಗೆ ಬಂದ ವಾರ. ಅದುವರೆಗೆ ಆ ಮನೆಯಲ್ಲಿ ಸ್ನಾನದ ನೀರು ಕಾಯುತ್ತಿದ್ದುದು ಹಿತ್ತಿಲ ಒಲೆಯ ಮೇಲಿನ ತಾಮ್ರದ ಹಂಡೆಯಲ್ಲಿ. ಶ್ವೇತಳ ತಾಯಿ ಜಯಲಕ್ಷ್ಮಮ್ಮನವರಿಗೆ ಆ ವರ್ಷ ಕಣ್ಣಿನ ಆಪರೇಷನ್ ಆಗಿತ್ತು. ಬಾಣಂತಿಗೆ ದಿನಾ ಹಂಡೆ ನೀರು ಕಾಯಿಸುತ್ತ ಹೊಗೆಯಲ್ಲಿ ಕೂರುವುದು ಬೇಡವೆಂದು ಚಿಕ್ಕಸ್ವಾಮಿಯೇ ಗೀಸರ್ ತಂದರು. ತೊಟ್ಟಿ ಇಲ್ಲದ್ದು. ನಲ್ಲಿ ತಿರುವಿದರೆ ಉರಿ ತಾನೇ ಹೊತ್ತಿಕೊಂಡು, ನೀರು ಹರಿಯುತ್ತಲೇ ಕಾಯುತ್ತಿತ್ತು.

ಅದನ್ನು ಜೋಡಿಸಿದವನು ಸ್ಟೌ ರಿಪೇರಿ ಅಂಗಡಿಯ ನಾಗರಾಜು. ಸಿಲಿಂಡರನ್ನು ಹೊರಗಿಟ್ಟು, ಗೋಡೆ ಕೊರೆದು ಪೈಪು ಎಳೆದು, ಸೋಪಿನ ನೊರೆ ಹಚ್ಚಿ ಎಲ್ಲೂ ಸೋರುತ್ತಿಲ್ಲವೆಂದು ತೋರಿಸಿದ. ಆಮೇಲೆ ಬಚ್ಚಲುಮನೆಯ ಮೇಲ್ಭಾಗದ ಸಣ್ಣ ಕಿಟಕಿಯತ್ತ ಕೈ ಮಾಡಿದ.

“ಇದ್ನ ಮಾತ್ರ ಮುಚ್ಚಬ್ಯಾಡಿ ಕಣಕ್ಕ. ಉರಿಗೂ ಗಾಳಿ ಬೇಕು.”

“ಹೊಗೆನೇ ಇಲ್ವಲ್ಲಪ್ಪ. ಮುಚ್ಚುದ್ರೇನು, ತೆಗುದ್ರೇನು?” ಎಂದರು ಜಯಲಕ್ಷ್ಮಮ್ಮ.

“ಕಾಣೋ ಹೊಗೆಯಾದ್ರೆ ನೀವೇ ಎದ್ದು ಆಚೆಗೆ ಬತ್ತೀರಿ. ಇದು ಕಣ್ಣಿಗೆ ಕಾಣಕ್ಕಿಲ್ಲ, ಅದಕ್ಕೇ ಯೋಳ್ತಿರೋದು.”

ಚಿಕ್ಕಸ್ವಾಮಿ ನಕ್ಕರು. “ಮೂವತ್ತು ವರ್ಸ ಒಲೆ ಊದವ್ಳೆ ಕಣ್ಲಾ. ಕಣ್ಣಲ್ಲಿ ನೀರು ಬರ್ದೆ ಇದ್ರೆ ಹಂಡೆ ನೀರು ಕಾದದೆ ಅಂತ ನಂಬಕ್ಕಿಲ್ಲ ಇವ್ಳು.”

ಕೂಸು ಹುಟ್ಟುವವರೆಗೆ ಕಿಟಕಿ ತೆರೆದೇ ಇತ್ತು. ಬಾಣಂತಿ ಮನೆಗೆ ಬಂದ ದಿನದಿಂದ ಜಯಲಕ್ಷ್ಮಮ್ಮ ದಿನಾ ಸ್ನಾನಕ್ಕೆ ಮೊದಲು ತಮ್ಮ ಹಳೆಯ ಹಸಿರು ಸೀರೆಯನ್ನು ಮಡಚಿ ಅದಕ್ಕೆ ತುರುಕುತ್ತಿದ್ದರು. ಹಸಿ ಮೈಗೆ ಗಾಳಿ ತಾಕಬಾರದು. ಅವರ ಅತ್ತೆ ಅವರಿಗೆ ಹಾಗೆಯೇ ಮಾಡಿದ್ದರು. ತಾವೂ ಇಬ್ಬರು ನಾದಿನಿಯರ ಬಾಣಂತನವನ್ನು ಹಾಗೆಯೇ ಮಾಡಿ ಹೆಸರು ತೆಗೆದುಕೊಂಡಿದ್ದರು. ದಿನವೂ ಅವರೇ ನಿಂತು ಮಗಳಿಗೆ ನೀರು ಹುಯ್ಯುತ್ತಿದ್ದರು. ಸೀಗೆಪುಡಿಗೆ, ಟವಲಿಗೆ, ಕೂಸು ಅತ್ತಿತೆಂದು ಹತ್ತು ಸಲ ಬಾಗಿಲು ತೆಗೆದು ಓಡಾಡುತ್ತಿದ್ದರು. ಹಾಗಾಗಿ ಏನೂ ಆಗಿರಲಿಲ್ಲ.

ಆ ಭಾನುವಾರ ಶ್ವೇತ, “ನೀನು ಕೂಸ್ಗೆ ಸಾಂಬ್ರಾಣಿ ಹಾಕು ಹೋಗವ್ವ. ಇವತ್ತು ನಾನೇ ಹುಯ್ಕೋತೀನಿ. ನಲವತ್ತು ದಿನದಿಂದ ನೀನು ತಿಕ್ಕಿ ತಿಕ್ಕಿ ನನ್ನ ಚರ್ಮ ಸುಲಿದದೆ” ಅಂದಳು.

“ತಿಕ್ಕುಸ್ಕೊಳ್ದೆ ನಲವತ್ತಕ್ಕೇ ಸೊಂಟ ಹಿಡ್ಕಂಡಾಗ ನನ್ನ ನೆನ್ಸ್ಕೋತೀಯ ಬುಡು” ಎಂದು ತಾಯಿ ಕೂಸನ್ನೆತ್ತಿಕೊಂಡು ಒಳಗೆ ಹೋದರು. ತಾಯಿ ಮಗಳ ನಡುವೆ ನಡೆದ ಕೊನೆಯ ಮಾತು ಅದು.

ಆಸ್ಪತ್ರೆಯಿಂದ ಮನೆಗೆ ಮೊದಲು ಬಂದವರು ಚಿಕ್ಕಸ್ವಾಮಿ. ಪೊಲೀಸರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಬಚ್ಚಲುಮನೆಗೆ ಹೋಗಿ ತಲೆ ಎತ್ತಿದಾಗ ಕಿಟಕಿಯಲ್ಲಿ ಹಸಿರು ಸೀರೆ ಕಂಡಿತು. ಅದನ್ನು ಎಳೆದು ತೆಗೆದು, ಹಿತ್ತಿಲಿಗೆ ಒಯ್ದು, ಮೂರು ತಿಂಗಳಿಂದ ಯಾರೂ ಮುಟ್ಟದ ಹಂಡೆಯೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಮಹಜರಿನಲ್ಲಿ ‘ಕಿಟಕಿ ತೆರೆದಿತ್ತು’ ಎಂದು ದಾಖಲಾಯಿತು. ಜಯಲಕ್ಷ್ಮಮ್ಮ ಅದನ್ನು ಕೇಳಿಸಿಕೊಂಡು, ಅವತ್ತು ಒಂದು ದಿನ ತಾವು ಸೀರೆ ತುರುಕುವುದನ್ನು ಮರೆತಿರಬೇಕು ಎಂದುಕೊಂಡರು.

ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ವಿಷಗಾಳಿ ಎಂದರು. ಕಿಟಕಿ ತೆರೆದಿದ್ದ ಮೇಲೆ ತಪ್ಪೆಲ್ಲ ಗೀಸರ್ ಜೋಡಿಸಿದವನದೇ ಎಂದು ಎಲ್ಲರೂ ತೀರ್ಮಾನಿಸಿದರು. ಶ್ವೇತಳ ಗಂಡ ಶಿವಶಂಕರ್ ದೂರು ಬರೆದುಕೊಟ್ಟ. ಸೋಮವಾರ ಅವಳನ್ನು ಗಂಡನ ಊರಿನಲ್ಲಿ ಮಣ್ಣು ಮಾಡಿದರು. ನಾಗರಾಜುವನ್ನು ದಿನವೂ ಬೆಳಿಗ್ಗೆ ಠಾಣೆಗೆ ಕರೆಸಿ, ಸಂಜೆಯವರೆಗೆ ಕೂರಿಸಿ ಕಳಿಸುತ್ತಿದ್ದರು. ಅವನ ಅಂಗಡಿ ಬಾಗಿಲು ಹಾಕಿತ್ತು.

ಕೂಸು ಜಯಲಕ್ಷ್ಮಮ್ಮನ ಬಳಿಯೇ ಉಳಿಯಿತು. ಬೀಗಿತ್ತಿ ಪುಟ್ಟತಾಯಮ್ಮನೇ ಅವರ ಕೈ ಹಿಡಿದು, “ಐದು ತಿಂಗಳು ನಿಮ್ಮತ್ರನೇ ಇರ್ಲಿ ಅಕ್ಕ. ನಿಮ್ಮ ಕೈ ಅದ್ಕೆ ಗೊತ್ತು” ಎಂದಿದ್ದರು. ಶಿವಶಂಕರನೂ ಒಪ್ಪಿದ್ದ. ಬಾಟಲಿ ಹಾಲಿಗೆ ಮುಖ ತಿರುಗಿಸುತ್ತಿದ್ದ ಕೂಸು ಜಯಲಕ್ಷ್ಮಮ್ಮನ ತೊಡೆಯ ಮೇಲೆ ಮಾತ್ರ ಕುಡಿಯುತ್ತಿತ್ತು.

ಬುಧವಾರ ಬೆಳಿಗ್ಗೆ ಅವರು ಕೂಸಿಗೆ ನೀರು ಕಾಯಿಸಲೆಂದು ಹಿತ್ತಿಲಿಗೆ ಹೋದರು. ಹಂಡೆ ತೊಳೆಯಲು ಮುಚ್ಚಳ ತೆಗೆದರು.

ಚಿಕ್ಕಸ್ವಾಮಿ ಹಿತ್ತಿಲ ಬಾಗಿಲಿಗೆ ಬರುವಷ್ಟರಲ್ಲಿ ಸೀರೆ ಅವರ ಕೈಯಲ್ಲಿತ್ತು. ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

“ಇದ್ನ ಇಲ್ಲಿಗೆ ಯಾರು ಹಾಕುದ್ರು?”

“ನಾನೇ.”

“ಯಾವಾಗ?”

“ಆಸ್ಪತ್ರೆಯಿಂದ ಬಂದೇಟ್ಗೆ.”

“ಎಲ್ಲಿತ್ತು?”

ಚಿಕ್ಕಸ್ವಾಮಿ ಬಚ್ಚಲುಮನೆಯ ಕಡೆ ತಿರುಗಿದರು. ಜಯಲಕ್ಷ್ಮಮ್ಮ ಒಲೆಯ ಮುಂದೆ ಕುಳಿತರು.

“ಆ ಹುಡ್ಗ ಅಷ್ಟು ಯೋಳಿದ್ದ” ಎಂದರು.

“ಅವ್ನ್ಗೆ ಏನೂ ಆಗಕ್ಕಿಲ್ಲ ಬುಡು. ಎಲ್ಡು ದಿನ ಕೂರುಸ್ತಾರೆ, ಕಳುಸ್ತಾರೆ.”

“ಅವ್ನ ಕೈಲಿ ಇನ್ಯಾರು ಕೆಲ್ಸ ಮಾಡುಸ್ತಾರೆ?”

“ನೀನು ಬಾಯ್ಬುಟ್ರೆ ಬೀಗರು ಕೂಸ ಇಲ್ಲಿ ಬುಡ್ತಾರೇನೆ? ಯೋಚ್ನೆ ಮಾಡು. ಅವ್ಳಂತೂ ಹೋದ್ಲು. ಇದೊಂದಾದ್ರೂ ಉಳೀಲಿ.”

ಜಯಲಕ್ಷ್ಮಮ್ಮ ಸೀರೆಯನ್ನು ಪಕ್ಕಕ್ಕಿಟ್ಟು, ಎದ್ದು ಹಂಡೆ ತೊಳೆದರು. ಆಮೇಲೆ ಒಲೆ ಹೊತ್ತಿಸಿದರು, ನೀರು ಕಾಯಿಸಿದರು. ಕಾಲು ಚಾಚಿ ಕೂಸನ್ನು ಮೊಣಕಾಲ ಮೇಲೆ ಮಲಗಿಸಿ ಮೀಯಿಸಿದರು. ಸಾಂಬ್ರಾಣಿ ಹಾಕುವಾಗ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟರು. ಬಾಟಲಿ ಖಾಲಿಯಾಗುವವರೆಗೂ ಕಾದು, ಕೂಸು ನಿದ್ದೆ ಹೋದ ಮೇಲೆ ಅದನ್ನು ಗಂಡನ ಪಕ್ಕ ಮಲಗಿಸಿದರು.

“ಎದ್ರೆ ಎಡಗೈ ಮೇಲೆ ಹಾಕ್ಕಳಿ. ಬಲಗೈಲಿ ಅಳ್ತದೆ” ಎಂದರು.

ಹನ್ನೊಂದೂ ಇಪ್ಪತ್ತಕ್ಕೆ ಅವರು ಠಾಣೆಯಲ್ಲಿದ್ದರು. ನಾಗರಾಜು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದ. ಅವರನ್ನು ನೋಡಿ ಎದ್ದು ನಿಂತ. ಅವರು ಸೀರೆಯನ್ನು ಮೇಜಿನ ಮೇಲಿಟ್ಟರು.

“ಕಿಟಕಿ ಮುಚ್ಚಿದ್ದು ನಾನು ಸ್ವಾಮಿ. ಇದ್ರಲ್ಲಿ.”

“ಮುಚ್ಚಬಾರದು ಅಂತ ಯಾರಾದರೂ ಹೇಳಿದ್ದರಾ?” ಎಂದು ಕೇಳಿದರು ಸಬ್ ಇನ್ಸ್‌ಪೆಕ್ಟರ್.

“ಇವ್ನು ಯೋಳಿದ್ದ. ಬಾಣಂತಿಗೆ ಗಾಳಿ ತಾಕ್ಬಾರ್ದು ಅಂತ ನಾನೇ ತುರುಕ್ದೆ.”

ಹೇಳಿಕೆ ಒಂದು ಪುಟದಷ್ಟಾಯಿತು. ಅದನ್ನು ಓದಿ ಹೇಳಿಸಿಕೊಂಡು ಅವರು ರುಜು ಹಾಕಿದರು. ಹೊರಗೆ ಬಂದಾಗ ನಾಗರಾಜು ಅವರ ಹಿಂದೆಯೇ ಗೇಟಿನವರೆಗೆ ಬಂದ.

“ಅಕ್ಕ, ಮನೆತಂಕ ಬುಟ್ಟು ಬರ್ಲಾ?”

“ಬ್ಯಾಡ ಕಣಪ್ಪ. ಹೋಗು, ಅಂಗಡಿ ಬಾಗ್ಲು ತೆಗಿ.”

ಮಾರನೆಯ ದಿನ, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಶಿವಶಂಕರ್ ತನ್ನ ತಾಯಿಯೊಂದಿಗೆ ಬಂದ. ಯಾರೂ ಜೋರು ಮಾತಾಡಲಿಲ್ಲ. ಜಯಲಕ್ಷ್ಮಮ್ಮ ಬಾಟಲಿ, ಬಟ್ಟೆ, ಸಾಂಬ್ರಾಣಿಯ ಪೊಟ್ಟಣವನ್ನು ಒಂದು ಬ್ಯಾಗಿಗೆ ತುಂಬಿ ಕೊಟ್ಟರು. ಹತ್ತೂ ಕಾಲಿನ ಬಸ್ಸಿನಲ್ಲಿ ಕೂಸು ಕೆ.ಆರ್. ಪೇಟೆಗೆ ಹೋಯಿತು.