ಭಂಡಾರ ಮೆತ್ತಿದ ಪ್ಲೇಯರು

ಟಿ.ವಿ. ಗುಂಯ್ ಎಂದು ಒದರುತ್ತಿತ್ತು. ಪರದೆ ಮಾತ್ರ ಕಪ್ಪು. ನನ್ನ ಮಗಳು ನೀಲಮ ಮುಂಜಾನೆಯಿಂದ ಅದರ ಮುಂದೆಯೇ ಕುಳಿತಿದ್ದಳು. ಪ್ಲೇಯರಿಗೆ ಹಾಕಿದ್ದು ಅವಳ ತೊಟ್ಟಿಲ ಕಾರ್ಯದ ವಿಡಿಯೊ ಡಿಸ್ಕು. ಇಷ್ಟು ವರ್ಷ ನನ್ನ ತವರಿನ ಟ್ರಂಕಿನಲ್ಲಿ ಬಿದ್ದಿದ್ದು ಮೊನ್ನೆ ಸಿಕ್ಕಿತ್ತು. ಅವಳಿಗೆ ಒಂದೂವರೆ ವರ್ಷವಿದ್ದಾಗ ನನ್ನ ಯಜಮಾನರು ಸಂಜಯ ತೀರಿಕೊಂಡರು. ಮನೆಯಲ್ಲಿ ಅವರ ಫೋಟೊಗಳಿವೆ. ಮಾತಾಡುವ, ನಡೆದಾಡುವ ಅಪ್ಪ ಅವಳಿಗೆ ಸಿಗುವುದು ಇದೊಂದರಲ್ಲೇ.

ಪ್ಲೇಯರನ್ನು ಅಟ್ಟದಿಂದ ಇಳಿಸಿ ವಾಯರು ಜೋಡಿಸಿದವರು ಯಜಮಾನರ ಅಣ್ಣ, ನನ್ನ ಭಾವ ಭಾವುಸಾಹೇಬರು. ಬಾಯ್ತುಂಬ ತಂಬಾಕು ಇಟ್ಟುಕೊಂಡೇ ಡಿಸ್ಕು ಹೊರಗೆ ತೆಗೆದು, ಅದರ ಮೇಲೆ ಥೂ ಎಂದು ಉಗುಳಿ, ಲುಂಗಿಯ ಚುಂಗಿನಿಂದ ತಿಕ್ಕಿದರು. ನಾನು ರೊಟ್ಟಿ ಬಡಿಯುವುದು ಬಿಟ್ಟು ಎದ್ದು ಬಂದೆ.

“ಭಾವಾರ, ಹಂಗ ಮಾಡಬ್ಯಾಡ್ರಿ. ಅದೊಂದ ಐತ್ರಿ.”

“ಉಗುಳಿನಾಗ ತಾಕತ್ತ ಇರ್ತೈತವಾ. ಕೊಡದ ಕಿಲುಬ ಸೈತ ಹೋಗ್ತೈತಿ.”

ಮತ್ತೆ ಹಾಕಿದರು. ಮತ್ತೆ ಗುಂಯ್.

“ಸತ್ತೈತಿ ಇದು. ತಿಪ್ಪಿಗೆ ಒಗಿ,” ಎಂದು ಡಿಸ್ಕನ್ನು ಮುರಿಯಲು ಎರಡೂ ಕೈಯಲ್ಲಿ ಹಿಡಿದರು.

“ದೊಡ್ಡಪ್ಪಾ, ಬ್ಯಾಡ!” ನೀಲಮ ಚೀರಿದಳು. ನಾನು ಹಿಟ್ಟಿನ ಕೈಯಿಂದಲೇ ಕಸಿದುಕೊಂಡೆ.

“ಎಂಟನೇ ಕಲತಾಕಿ ನನಗ ರಿಪೇರಿ ಹೇಳ್ತಿ?”

“ಹೇಳೂದಿಲ್ರಿ. ರೊಟ್ಟಿ ಆದ ಮ್ಯಾಲ ನಾನೂ ಒಂದ ಸಲ ನೋಡ್ತೀನ್ರಿ.”

ರೊಟ್ಟಿ ಮುಗಿಸಿ, ಡಿಸ್ಕು ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಪ್ಲೇಯರನ್ನು ಹಿಂದುಮುಂದಾಗಿ ತಿರುಗಿಸಿದೆ. ಅಸಹ್ಯ! ದಸರೆಯ ಖಂಡೆ ಪೂಜೆಯ ದಿನ ಟ್ರ್ಯಾಕ್ಟರಿನಿಂದ ಮಿಕ್ಸರಿನ ತನಕ ಎಲ್ಲಕ್ಕೂ ಭಂಡಾರ ಬಳಿಯುವವರು ಭಾವನೇ. ಕೊಕಟನೂರಿನ ಎಲ್ಲವ್ವನ ಭಂಡಾರ; ಬಳಿಯುವಾಗ ಕೈ ಬಿಗಿ ಮಾಡುವವರಲ್ಲ. ಎಣ್ಣೆಯಲ್ಲಿ ಕಲಸಿದ ಆ ಅರಿಸಿನದ ರಾಡಿ ವಾಯರು ಸಿಕ್ಕಿಸುವ ಮೂರೂ ತೂತುಗಳ ಸುತ್ತ ವರ್ಷವರ್ಷ ಗಟ್ಟಿಯಾಗಿತ್ತು. ಅದರ ಮೇಲೆ ಜಿರಳೆಯ ಹಿಕ್ಕೆ, ಒಂದು ಮುರಿದ ಕಾಲು. ಬಿಳಿ, ಕೆಂಪು, ಹಳದಿ ಎಂಬ ಗುರುತೇ ಇಲ್ಲ, ಮೂರೂ ಹಳದಿ. ಭಾವ ಹಳದಿ ವಾಯರನ್ನು ಕೈಗೆ ಸಿಕ್ಕ ಹಳದಿಗೆ ಚುಚ್ಚಿದ್ದರು.

ಪ್ಲಗ್ ಕಿತ್ತು, ಹಳೆಯ ಬ್ರಷ್ಷಿನಿಂದ ಮೆಲ್ಲಗೆ ಕೆರೆದೆ. ಕಮಟು ಎಣ್ಣೆಯ ನಾತ ಮೂಗಿಗೆ ಹೊಡೆಯಿತು.

“ಅವ್ವಾ, ಇದು ಬೆಳ್ಳಗೈತಿ!” ಎಂದಳು ನೀಲಮ.

ಚಿತ್ರದ ಹಳದಿ ವಾಯರು ಧ್ವನಿಯ ಬಿಳಿ ತೂತಿನಲ್ಲಿ ಕುಳಿತಿತ್ತು. ಬಣ್ಣಕ್ಕೆ ಬಣ್ಣ ಸೇರಿಸಿ, ಡಿಸ್ಕು ಹಾಕಿ ಹಚ್ಚಿದೆ. ಪರದೆ ಬೆಳಗಿತು.

“ವಾಯರಂದ ತಕರಾರ ಅಂತ ನಾ ಮೊದಲ ಅಂದಿದ್ದೆ,” ಎಂದರು ಭಾವ, ಅಂಗಳಕ್ಕೆ ಪಿಚಕ್ಕನೆ ಉಗುಳಿ. ನಾನು ಕೈ ಒರೆಸಿಕೊಂಡು ನೀಲಮಳ ಪಕ್ಕ ಕುಳಿತೆ.

ಪರದೆಯಲ್ಲಿ ಸಂಜಯ ತೊಟ್ಟಿಲಿಗೆ ಬಾಗಿ, “ಏ ನೀಲಮ, ಇಲ್ಲೆ ನೋಡ,” ಎಂದರು.

“ಅವ್ವಾ, ಅಪ್ಪನ ದನಿ ಇಷ್ಟ ಸಣ್ಣದು? ಮೀಸಿ ನೋಡಿ ನಾ ದಪ್ಪ ಇರ್ತೈತಿ ಅನ್ಕೊಂಡಿದ್ದೆ.”

“ಸಣ್ಣದ ಇತ್ತವಾ. ಅವರು ಎಂದೂ ಒದರಿದವರಲ್ಲ.”

ಅವಳು ಟಿ.ವಿ.ಯ ಸಪ್ಪಳ ಹೆಚ್ಚಿಸಲಿಲ್ಲ. ಇನ್ನೂ ಹತ್ತಿರ ಸರಿದು ಕುಳಿತಳು.